ತಲೆ ಸವರುವ ನಮಸ್ಕಾರದ ರದ್ದತಿ ಮತ್ತು ಸನ್ನೆ ಹೆಸರುಗಳ ಬಗ್ಗೆ

ಮಕ್ಕಳ ನೆರವು ವಿಭಾಗ
(ಕಣ್ಣು ಮತ್ತು ಕಿವಿಯ ತೊಂದರೆಯುಳ್ಳ ಮಕ್ಕಳಿಗಾಗಿ)
ಎಗ್ಮೋರ್, ಚೆನ್ನೈ

ಸಂಖ್ಯೆ: ಮನೆವಿ/ಆಡಳಿತ/ಸನ್ನೆ/13/2025-26
ದಿನಾಂಕ: 21-07-2025

ಸುತ್ತೋಲೆ

ವಿಷಯ: ಆಡಳಿತಾಧಿಕಾರಿಯವರನ್ನು ಕಂಡಾಗ ತಲೆ ಸವರಿಕೊಳ್ಳುವ ಬಗ್ಗೆ, ಸವರಿಕೊಳ್ಳದಿರುವ ಬಗ್ಗೆ, ಹಾಗೂ ಪುನಃ ಸವರಿಕೊಳ್ಳುವ ಬಗ್ಗೆ.

ಉಲ್ಲೇಖ:
1. ಸುತ್ತೋಲೆ ಸಂಖ್ಯೆ 11, ದಿನಾಂಕ 16-06-2025 (ಸದರಿ ಕ್ರಿಯೆಯನ್ನು ಕಡ್ಡಾಯಗೊಳಿಸಿದ್ದು)
2. ಸುತ್ತೋಲೆ ಸಂಖ್ಯೆ 12, ದಿನಾಂಕ 30-06-2025 (ಸದರಿ ಕ್ರಿಯೆಯನ್ನು ನಿಷೇಧಿಸಿದ್ದು)
3. ಲಿಫ್ಟ್ ನಿಂತುಹೋದ ಬಗ್ಗೆ ವರದಿ, ದಿನಾಂಕ 17-07-2025

ಉಲ್ಲೇಖ 1 ಮತ್ತು 2 ಒಂದಕ್ಕೊಂದು ವಿರುದ್ಧವಾಗಿದ್ದು, ಎರಡನ್ನೂ ಪಾಲಿಸಲು ಹೋದ ಸಿಬ್ಬಂದಿಯು ಕೈಯನ್ನು ಕಿವಿಯವರೆಗೆ ಎತ್ತಿ ಅಲ್ಲಿಯೇ ನಿಲ್ಲಿಸಿಕೊಂಡು ಓಡಾಡುತ್ತಿರುವುದು ಕಂಡುಬಂದಿದೆ. ಆದುದರಿಂದ ನಡೆದ ಸಂಗತಿಯನ್ನು ಮೊದಲಿನಿಂದ ದಾಖಲಿಸಿ, ಈ ಮೂಲಕ ಹೊಸದಾಗಿ ಸೂಚಿಸಲಾಗಿದೆ. ಚೆನ್ನೈ ಕನ್ನಡಿಗರು ಕಟ್ಟಿದ ಈ ಸಂಸ್ಥೆಯ ನಿಯಮದಂತೆ ಸುತ್ತೋಲೆಗಳು ಕನ್ನಡದಲ್ಲಿಯೇ ಇರಬೇಕಾಗಿರುವುದರಿಂದ, ತಮಿಳು ಮಾತ್ರ ಬಲ್ಲ ಸಿಬ್ಬಂದಿಗೆ ಕಚೇರಿ ಸಹಾಯಕಿಯವರು ಊಟದ ವಿರಾಮದಲ್ಲಿ ಇದನ್ನು ಓದಿ ಹೇಳತಕ್ಕದ್ದು. ಓದುವಾಗ ನಗತಕ್ಕದ್ದಲ್ಲ. ಕಳೆದ ಬಾರಿ ನಕ್ಕಿರುತ್ತಾರೆ.

ಭಾಗ ಒಂದು: ನಡೆದ ಸಂಗತಿ

1. ಆಡಳಿತಾಧಿಕಾರಿ (ಪ್ರಭಾರ) ಶ್ರೀ ವಿಷ್ಣುತೀರ್ಥ, ಅಂದರೆ ಕೆಳಗೆ ಸಹಿ ಮಾಡಿರುವವರು, 09-06-2025ರ ಸೋಮವಾರ ಅಧಿಕಾರ ವಹಿಸಿಕೊಂಡರು. ಅಂದು ಬೆಳಗಿನ ಸಭೆಯಲ್ಲಿ ಅವರು ಭಾಷಣಕ್ಕೆ ನಿಂತ ಜಾಗದ ನೇರ ಮೇಲೆ ಫ್ಯಾನ್ ಇತ್ತು. ಸದರಿಯವರ ಕೂದಲು ಎಡಗಿವಿಯ ಮೇಲಿನಿಂದ ಹೊರಟು, ನೆತ್ತಿಯನ್ನು ದಾಟಿ, ಬಲಗಿವಿಯನ್ನು ತಲುಪುವ ವ್ಯವಸ್ಥೆಯಲ್ಲಿದೆ. ಫ್ಯಾನಿನ ಗಾಳಿಗೆ ಸದರಿ ವ್ಯವಸ್ಥೆಯು ಮೇಲಕ್ಕೆದ್ದು ನಿಂತಿತು. ಭಾಷಣದ ಅವಧಿಯಲ್ಲಿ ಅದನ್ನು ಹದಿನಾಲ್ಕು ಬಾರಿ ಅಂಗೈಯಿಂದ ಸವರಿ ಸ್ವಸ್ಥಾನಕ್ಕೆ ತರಲಾಯಿತು.

2. ಮರುದಿನ ಅವರು ಗೇಟಿನೊಳಗೆ ಬರುತ್ತಿದ್ದಂತೆ ಮಕ್ಕಳೆಲ್ಲರೂ ಅಂಗೈಯನ್ನು ಎಡದಿಂದ ಬಲಕ್ಕೆ ತಲೆಯ ಮೇಲೆ ಎಳೆದು, ಕೊನೆಯಲ್ಲಿ ಬೆರಳುಗಳನ್ನು ಗಾಳಿಯಲ್ಲಿ ಪಟಪಟನೆ ಆಡಿಸಿದರು. ಇದನ್ನು ಇಲ್ಲಿನ ಮಕ್ಕಳ ನಮಸ್ಕಾರವೆಂದು ಭಾವಿಸಲಾಯಿತು. ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಯಾವ ಕಚೇರಿಯಲ್ಲಿಯೂ ಇಷ್ಟು ಜನ ಇಷ್ಟು ನಗುಮುಖದಿಂದ ನಮಸ್ಕರಿಸಿರಲಿಲ್ಲವಾದ್ದರಿಂದ, ಸದರಿಯವರೂ ಅದೇ ರೀತಿ ತಲೆ ಸವರಿ, ಬೆರಳಾಡಿಸಿ, ಪ್ರತಿ ನಮಸ್ಕಾರ ಮಾಡಿದರು. ಮಕ್ಕಳ ಸಂತೋಷ ಹೆಚ್ಚಾಯಿತು. ಒಂದು ವಾರದ ನಂತರ ಸುತ್ತೋಲೆ 11ನ್ನು ಹೊರಡಿಸಿ, ಕಾವಲುಗಾರರು ಮತ್ತು ಅಡುಗೆಯವರೂ ಸೇರಿದಂತೆ ಎಲ್ಲರಿಗೂ ಈ ನಮಸ್ಕಾರವನ್ನು ಕಡ್ಡಾಯಗೊಳಿಸಲಾಯಿತು. ಶ್ರವಣಯಂತ್ರಗಳನ್ನು ಕೊಡಲು ಬಂದ ಮಣಲಿಯ ಕಾರ್ಖಾನೆಯೊಂದರ ಅಧಿಕಾರಿಗಳಿಗೂ ಇದನ್ನು ಕಲಿಸಲಾಯಿತು. ಏಳು ಮಂದಿ ಅಧಿಕಾರಿಗಳು ಸಾಲಾಗಿ ತಲೆ ಸವರಿಕೊಳ್ಳುತ್ತಿರುವ ಭಾವಚಿತ್ರ ಸಭಾಂಗಣದಲ್ಲಿದೆ.

3. ದಿನಾಂಕ 28-06-2025ರ ಪೋಷಕರ ಸಭೆಯಲ್ಲಿ ಎಣ್ಣೂರಿನ ಶ್ರೀಮತಿ ರಂಜನಿ ಅವರಿಗೆ ಸದರಿ ನಮಸ್ಕಾರವನ್ನು ಮಾಡಲಾಯಿತು. ಇವರು ಹರಿಪ್ರಿಯಾ ಎಂಬ ಒಂಬತ್ತು ವರ್ಷದ ವಿದ್ಯಾರ್ಥಿನಿಯ ತಾಯಿ. ಅವರು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನೀಡಿದ ಹೇಳಿಕೆ ಹೀಗಿದೆ: “ಅಯ್ಯೋ ಸರ್, ತಪ್ಪಾ ತಿಳ್ಕೋಬೇಡಿ. ಅದು ಸಲ್ಯೂಟ್ ಅಲ್ಲ, ಅದು ನಿಮ್ಮ ಪೇರು. ನಿಮ್ಮ ಪೇರು ನೀವೇ ಹೇಳ್ಕೊಂಡು ವರಾಂಡಾ ಪೂರಾ ನಡೀತೀರಂತೆ. ಪಸಂಗಳಿಗೆ ಒಂದೇ ಜಾಲಿ.” (ತಮಿಳಿನಲ್ಲಿ ‘ಪೇರು’ ಎಂದರೆ ಹೆಸರು, ‘ಪಸಂಗ’ ಎಂದರೆ ಮಕ್ಕಳು.)

4. ಈ ಬಗ್ಗೆ ವಿಶೇಷ ಶಿಕ್ಷಕಿ ಶ್ರೀಮತಿ ದಾಕ್ಷಾಯಿಣಿ ಅವರನ್ನು ಕರೆಸಿ ವಿಚಾರಿಸಲಾಯಿತು. ಕಿವಿ ಕೇಳದವರ ನಡುವೆ ಪ್ರತಿಯೊಬ್ಬರಿಗೂ ಒಂದು ಸನ್ನೆ ಹೆಸರು ಇರುತ್ತದೆಂದೂ, ಮನುಷ್ಯನಲ್ಲಿ ಮೊದಲು ಕಣ್ಣಿಗೆ ಬೀಳುವುದನ್ನು ಹಿಡಿದು ಆ ಹೆಸರಿಡುತ್ತಾರೆಂದೂ ಅವರು ತಿಳಿಸಿದರು. ಅವರದೇ ಹೆಸರು ಮಣಿಕಟ್ಟನ್ನು ಎರಡು ಬಾರಿ ತಟ್ಟುವುದು, ಬಳೆಗಳ ಕಾರಣಕ್ಕಾಗಿ. ಬೇರೆ ಗೌರವಯುತ ಹೆಸರನ್ನು ಕೊಡಿಸುವಂತೆ ಆದೇಶಿಸಲಾಗಿ, ಅವರು ತಮ್ಮ ಊರಿನ ಮಾತಿನಲ್ಲಿ, “ಅದು ನಾವು ಕೊಡೂದಲ್ರಿ ಸರ, ಮಕ್ಕಳು ಕೊಡೂದು. ಒಮ್ಮೆ ಇಟ್ಟರ ಇಟ್ಟಂಗ. ನಿಮಗ ಛಲೋದು ಸಿಕ್ಕೇತಿ, ಹಿಂದಿನ ಸಾಹೇಬರ ಹೆಸರು ಕೇಳಿದ್ರ ನೀವು ನಗತೀರಿ” ಎಂದರು. ಹಿಂದಿನ ಅಧಿಕಾರಿಯವರ ಹೆಸರನ್ನು ತೋರಿಸಿದ ನಂತರ ನಗಲಾಯಿತು. ಆದರೂ ಸುತ್ತೋಲೆ 12ನ್ನು ತಡೆಹಿಡಿಯಲಿಲ್ಲ.

5. ಸುತ್ತೋಲೆ 12ರಂತೆ ಎಲ್ಲ ಸನ್ನೆ ಹೆಸರುಗಳನ್ನು ಅಮಾನತಿನಲ್ಲಿಟ್ಟು, ಪ್ರತಿಯೊಬ್ಬರನ್ನೂ ಪೂರ್ಣ ಹೆಸರು ಹಾಗೂ ಹುದ್ದೆಯೊಂದಿಗೆ, ಇಂಗ್ಲಿಷಿನಲ್ಲಿ, ಬೆರಳಿನಿಂದ ಅಕ್ಷರ ಅಕ್ಷರವಾಗಿ ಸೂಚಿಸಬೇಕೆಂದು ವಿಧಿಸಲಾಯಿತು. ಅದರಂತೆ ಆಡಳಿತಾಧಿಕಾರಿಯವರ ಹೆಸರು ಒಟ್ಟು ಮೂವತ್ತನಾಲ್ಕು ಅಕ್ಷರಗಳಾಯಿತು. ‘ಪ್ರಭಾರ’ ಎಂಬುದನ್ನು ಸೇರಿಸಿಲ್ಲ; ಆವರಣ ಚಿಹ್ನೆಯನ್ನು ಬೆರಳಿನಲ್ಲಿ ಹೇಗೆ ಹಾಕುವುದೆಂಬ ಬಗ್ಗೆ ಸ್ಪಷ್ಟೀಕರಣ ಬಂದಿರುವುದಿಲ್ಲ. ಮಕ್ಕಳು ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸಬಹುದೆಂದು ತಿಳಿಸಲಾಗಿ, ನಲವತ್ತಮೂರು ಅರ್ಜಿಗಳು ಬಂದವು. ನಲವತ್ತೆರಡರಲ್ಲಿ ಆಡಳಿತಾಧಿಕಾರಿಯವರಿಗೆ ಹಳೆಯ ಹೆಸರನ್ನೇ ಮುಂದುವರಿಸಬೇಕೆಂದು ಚಿತ್ರಸಹಿತ ಕೋರಲಾಗಿತ್ತು. ಉಳಿದ ಒಂದು, ಕಣ್ಣು ಕಾಣದ ಕುಮಾರಿ ತನುಶ್ರೀಯದು, ಬ್ರೈಲಿನಲ್ಲಿತ್ತು. ಬ್ರೈಲ್ ಓದಲು ಬಾರದ ಆಡಳಿತಾಧಿಕಾರಿಯವರು ಅದನ್ನು ರಜಾ ಅರ್ಜಿಯೆಂದು ತಿಳಿದು ‘ಮಂಜೂರು’ ಎಂದು ಬರೆದರು. ಅದರಲ್ಲಿಯೂ ಇತರ ನಲವತ್ತೆರಡರಲ್ಲಿದ್ದುದೇ ಇತ್ತೆಂದು ಆಮೇಲೆ ತಿಳಿದುಬಂದಿದೆ.

6. ಹರಿಪ್ರಿಯಾಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮೂರು ವರ್ಷಗಳಿಂದ ದೃಷ್ಟಿಯೂ ಸುತ್ತಲಿನಿಂದ ಕಿರಿದಾಗುತ್ತ ಬಂದು, ಈಗ ಕೊಳವೆಯೊಳಗಿಂದ ನೋಡಿದಂತೆ ಎದುರಿನದಷ್ಟೇ ಕಾಣುತ್ತದೆ. ಬೆಳಕು ಕಡಿಮೆಯಾದರೆ ಅದೂ ಇಲ್ಲ. ಪಕ್ಕದಲ್ಲಿ ಯಾರು ಬಂದರೆಂಬುದು ಆಕೆಗೆ ತಿಳಿಯುವುದು, ಬಂದವರು ಅವಳ ಅಂಗೈ ಮೇಲೆ ತಮ್ಮ ಸನ್ನೆ ಹೆಸರನ್ನು ಬರೆದಾಗ ಮಾತ್ರ. ಸುತ್ತೋಲೆ 12ರ ನಂತರ ಬಂದವರೆಲ್ಲ ಅವಳ ಕೈ ಹಿಡಿದು ಹುದ್ದೆ ಸಮೇತ ಅಕ್ಷರ ಒತ್ತತೊಡಗಿದರು. ನಾಲ್ಕನೆಯ ಅಕ್ಷರಕ್ಕೆ ಆಕೆ ಕೈ ಕಿತ್ತುಕೊಳ್ಳುತ್ತಿದ್ದಳು. ಎರಡು ಬೆರಳಿನಿಂದ ಕೆನ್ನೆಯ ಗುಳಿಯನ್ನು ಒತ್ತುವುದು ಅವಳ ಸ್ವಂತ ಹೆಸರು. ಅದೂ ಅಮಾನತಿನಲ್ಲಿದ್ದುದರಿಂದ ಅವಳನ್ನು ಕರೆಯಲು ವಿಭಾಗದ ಬಳಿ ಅನುಮೋದಿತ ವಿಧಾನ ಇರಲಿಲ್ಲ. ಎರಡನೆಯ ವಾರದಿಂದ ಆಕೆ ಯಾರ ಕೈಯನ್ನೂ ಹಿಡಿಯದೆ, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಮೇಜಿನ ಕೆಳಗೆ ಕುಳಿತಿರುತ್ತಿದ್ದಳು. ಶ್ರೀಮತಿ ದಾಕ್ಷಾಯಿಣಿ ಅವರು ಅವಳ ಮಣಿಕಟ್ಟನ್ನು ಎರಡು ಬಾರಿ ತಟ್ಟಿ ತಮ್ಮ ಹಳೆಯ ಹೆಸರನ್ನೇ ಹೇಳಿ ಕರೆದ ಕಾರಣಕ್ಕಾಗಿ ಅವರಿಂದ ಲಿಖಿತ ವಿವರಣೆ ಕೇಳಲಾಯಿತು.

7. ಶ್ರೀಮತಿ ದಾಕ್ಷಾಯಿಣಿ ಅವರು ಸದರಿ ವಿವರಣೆಯನ್ನು ಬರೆಯುತ್ತ ಕಚೇರಿಯಲ್ಲಿ ಕುಳಿತಿದ್ದುದರಿಂದ, 17-07-2025ರಂದು ಹರಿಪ್ರಿಯಾಳನ್ನು ಮೂರನೆಯ ಮಹಡಿಯ ತರಗತಿಗೆ ಕರೆದೊಯ್ಯಲು ಯಾರೂ ಇರಲಿಲ್ಲ. ನಿಯಮವು ಸುಗಮವಾಗಿ ನಡೆಯುತ್ತಿದೆಯೆಂದು ತೋರಿಸುವ ಉದ್ದೇಶದಿಂದ ಆಡಳಿತಾಧಿಕಾರಿಯವರು ತಾವೇ ಮುಂದಾದರು. ಅವಳನ್ನು ಬಿಡಲು ಬಂದಿದ್ದ ತಾಯಿಯವರು ಮಗುವನ್ನು ಲಿಫ್ಟಿನೊಳಗೆ ನಿಲ್ಲಿಸಿ, ಅವಳ ಕೈಯನ್ನು ಗೋಡೆಯ ಕಂಬಿಯ ಮೇಲಿಟ್ಟು ಹೋದರು. ಬೆಳಿಗ್ಗೆ 11.40ಕ್ಕೆ, ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ, ಕರೆಂಟು ಹೋಯಿತು. ಜನರೇಟರ್ ಚಾಲೂ ಆಗಲಿಲ್ಲ. ಒಳಗೆ ಪೂರ್ಣ ಕತ್ತಲೆಯಿತ್ತು.

8. ಹರಿಪ್ರಿಯಾ ಗೋಡೆಯನ್ನು ತಡವಿದಳು, ಬಾಗಿಲನ್ನು ಬಡಿದಳು. ಅನಂತರ ಅವಳ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದನ್ನು ಬರೆಯಲು ಸೂಕ್ತ ಪದ ಈ ಕಚೇರಿಯಲ್ಲಿ ಲಭ್ಯವಿಲ್ಲ. ಆಡಳಿತಾಧಿಕಾರಿಯವರು “ಹೆದರಬೇಡಮ್ಮಾ, ನಾನಿದೀನಿ, ನಾನಿದೀನಿ” ಎಂದು ಗಟ್ಟಿಯಾಗಿ ಹೇಳಿದರು. ಮೂರನೆಯ ಬಾರಿ ಹೇಳುವಾಗ, ಆಕೆಗೆ ಕೇಳಿಸುವುದಿಲ್ಲವೆಂಬುದು ನೆನಪಾಯಿತು. ಕೈ ಹಿಡಿದು ನಿಯಮದಂತೆ ಹೆಸರು ಬರೆಯಲು ಹೋದರು. ಮೂವತ್ತನಾಲ್ಕು ಅಕ್ಷರಗಳಲ್ಲಿ ಒಂದನ್ನೂ ತಾವು ಕಲಿತಿಲ್ಲವೆಂಬುದು ಆಗ ಅವರ ಗಮನಕ್ಕೆ ಬಂದಿತು. ಮಗು ಕೈ ಕಿತ್ತುಕೊಂಡು ಮೂಲೆಗೆ ಸರಿಯಿತು.

9. ಆಗ ಆಡಳಿತಾಧಿಕಾರಿಯವರು ನೆಲದ ಮೇಲೆ ಕುಳಿತರು. ಮಗುವಿನ ಅಂಗೈಯನ್ನು ಹುಡುಕಿ, ಅದರ ಮೇಲೆ ತಮ್ಮ ಬೆರಳುಗಳನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಎಳೆದು, ಕೊನೆಯಲ್ಲಿ ಪಟಪಟನೆ ಆಡಿಸಿದರು. ಸದ್ದು ನಿಂತಿತು. ಅವರು ಇನ್ನೊಮ್ಮೆ ಹಾಗೆಯೇ ಮಾಡಿದರು. ಮಗು ಕೈಯನ್ನು ಮುಂದೆ ಚಾಚಿ, ಅವರ ಮುಖವನ್ನು ದಾಟಿ, ತಲೆಯನ್ನು ಹುಡುಕಿ, ಅಲ್ಲಿದ್ದ ಸಮಸ್ತ ವ್ಯವಸ್ಥೆಯನ್ನು ಕೆದರಿ, ಖಚಿತಪಡಿಸಿಕೊಂಡು, ನಕ್ಕಿತು. ಇದಕ್ಕೆ ಆಕ್ಷೇಪಣೆ ಸಲ್ಲಿಸಿರುವುದಿಲ್ಲ.

10. ನಂತರದ ಇಪ್ಪತ್ತೆರಡು ನಿಮಿಷಗಳ ಕಾಲ ಸದರಿ ವಿದ್ಯಾರ್ಥಿನಿಯು ಆಡಳಿತಾಧಿಕಾರಿಯವರ ಅಂಗೈಯಲ್ಲಿ ಹಲವಾರು ಪ್ರಶ್ನೆಗಳನ್ನು ಕೇಳಿದಳು. ಅವರಿಗೆ ಬರುತ್ತಿದ್ದ ಸನ್ನೆ ಒಂದೇ ಆಗಿದ್ದುದರಿಂದ, ಎಲ್ಲ ಪ್ರಶ್ನೆಗಳಿಗೂ ತಮ್ಮ ಹೆಸರನ್ನೇ ಉತ್ತರವಾಗಿ ನೀಡಿದರು. ಲಿಫ್ಟಿನ ಬಾಗಿಲು ತೆರೆದಾಗ ಇಬ್ಬರೂ ನೆಲದ ಮೇಲೆ ಕೈ ಹಿಡಿದು ಕುಳಿತಿದ್ದರು. ಹೊರಗೆ ಕಾಯುತ್ತಿದ್ದ ಶ್ರೀಮತಿ ದಾಕ್ಷಾಯಿಣಿ ಅವರ ಕೈಯಲ್ಲಿ ಮಗು ಏನೋ ವರದಿ ಮಾಡಿತು. ಅವರು ಅದನ್ನು ಹೀಗೆ ಅನುವಾದಿಸಿದರು: “ಸರ, ಅಕಿ ಹೇಳಾಕತ್ತಾಳ, ನಿಮಗ ಮಾತು ಬರಂಗಿಲ್ಲಂತ. ಬರೇ ಹೆಸರು ಬರತೈತಂತ. ಪಾಪ ಅನ್ನಾಕತ್ತಾಳ. ತಾನ ಕಲಿಸ್ತಾಳಂತ.” ಶ್ರೀಮತಿ ರಂಜನಿ ಅವರು ಮೆಟ್ಟಿಲು ಹತ್ತಿ ಓಡಿ ಬಂದವರು, ಕೆದರಿದ ತಲೆಯನ್ನು ನೋಡಿ ತಮ್ಮ ಬ್ಯಾಗಿನಿಂದ ಬಾಚಣಿಗೆಯನ್ನು ತೆಗೆದುಕೊಟ್ಟರು. ಅದನ್ನು ಧನ್ಯವಾದಗಳೊಂದಿಗೆ ಹಿಂದಿರುಗಿಸಲಾಗಿದೆ.

ಭಾಗ ಎರಡು: ಸೂಚನೆಗಳು

ಮೇಲಿನದನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ.

(ಅ) ಸುತ್ತೋಲೆ 11 ಮತ್ತು 12ನ್ನು ರದ್ದುಪಡಿಸಲಾಗಿದೆ. ತಲೆ ಸವರುವುದು ನಮಸ್ಕಾರವಲ್ಲ, ಹೆಸರು. ಆಡಳಿತಾಧಿಕಾರಿಯವರು ಗಾಳಿಯ ಕಾರಣದಿಂದ ನಿಜವಾಗಿ ತಲೆ ಸವರಿಕೊಂಡಾಗ ಅದನ್ನು ಸ್ವಪರಿಚಯವೆಂದು ಪರಿಗಣಿಸಿ ‘ಗೊತ್ತು ಸಾರ್’ ಎನ್ನತಕ್ಕದ್ದಲ್ಲ.

(ಆ) ಶ್ರೀಮತಿ ದಾಕ್ಷಾಯಿಣಿ ಅವರಿಂದ ಕೇಳಲಾದ ವಿವರಣೆಯನ್ನು ಕೈಬಿಡಲಾಗಿದೆ. ಅವರು ಬರೆದಿದ್ದ ಎರಡೂವರೆ ಪುಟಗಳನ್ನು ಆಡಳಿತಾಧಿಕಾರಿಯವರು ಓದಿರುತ್ತಾರೆ. ಅವುಗಳನ್ನು ಅವರ ಮೇಜಿನ ಗಾಜಿನ ಕೆಳಗೆ ಇಡಲಾಗಿದೆ.

(ಇ) ಹೆಸರಿಡುವ ಅಧಿಕಾರ ಮಕ್ಕಳದು. ಮೇಲ್ಮನವಿಗೆ ಅವಕಾಶವಿಲ್ಲ. ತಮಗೆ ‘ಹುಲಿ’ ಎಂಬ ಹೆಸರು ಬೇಕೆಂಬ ವ್ಯಾನ್ ಚಾಲಕರ ಮನವಿಯನ್ನು ತಿರಸ್ಕರಿಸಲಾಗಿದ್ದು, ಅವರು ‘ಹಲ್ಲುಕಡ್ಡಿ’ಯಾಗಿಯೇ ಮುಂದುವರಿಯತಕ್ಕದ್ದು.

(ಈ) ಹರಿಪ್ರಿಯಾಳ ಬಳಿ ಹೋಗುವ ಯಾರೇ ಆಗಲಿ ಮೊದಲು ಅವಳ ಅಂಗೈ ಮೇಲೆ ತಮ್ಮ ಹೆಸರು ಬರೆದು, ಅವಳು ಒಪ್ಪಿದ ಮೇಲೆ ಮುಂದಿನ ಕೆಲಸ ಮಾಡತಕ್ಕದ್ದು. ಮೊದಲು ಬಿಸ್ಕತ್ತು ಕೊಟ್ಟು ನಂತರ ಹೆಸರು ಹೇಳುವುದನ್ನು ಲಂಚವೆಂದು ಪರಿಗಣಿಸಲಾಗುವುದು.

(ಉ) ಆಡಳಿತಾಧಿಕಾರಿಯವರ ತಲೆಯು ಇನ್ನು ಮುಂದೆ ಗುರುತಿನ ದಾಖಲೆಯಾಗಿರುವುದರಿಂದ, ಅವರು ಕ್ಷೌರ, ಟೋಪಿ, ವಿಗ್ ಅಥವಾ ತಿರುಪತಿ ಪ್ರಯಾಣ ಇತ್ಯಾದಿ ಬದಲಾವಣೆಗಳಿಗೆ ಮೂವತ್ತು ದಿನಗಳ ಮುಂಚೆ ಹರಿಪ್ರಿಯಾಳ ಅನುಮತಿ ಪಡೆಯತಕ್ಕದ್ದು. ಕೂದಲು ತಾನಾಗಿ ಉದುರಿದಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ವರದಿ ಮಾಡತಕ್ಕದ್ದು.

(ಊ) ಹೆಸರಿನ ಮೂಲವನ್ನು ತಿಳಿಯಬಯಸುವ ಕಣ್ಣು ಕಾಣದ ಮಕ್ಕಳಿಗೆ ಸದರಿ ತಲೆಯನ್ನು ಪ್ರತಿ ಬುಧವಾರ 3ರಿಂದ 3.15ರವರೆಗೆ ಮುಟ್ಟಿ ನೋಡಲು ಅವಕಾಶವಿದೆ. ಸರತಿ ಸಾಲಿನಲ್ಲಿ ಬರತಕ್ಕದ್ದು. ಒಬ್ಬರು ಎರಡು ಬಾರಿ ಬರತಕ್ಕದ್ದಲ್ಲ. ಕಳೆದ ಶುಕ್ರವಾರ ಪ್ರಾಯೋಗಿಕವಾಗಿ ಅವಕಾಶ ಕೊಟ್ಟಾಗ ಕುಮಾರಿ ತನುಶ್ರೀ ಐದು ಸಲ ಬಂದಿದ್ದಾಳೆ. ಬುಧವಾರಗಳಂದು ಆಡಳಿತಾಧಿಕಾರಿಯವರು ಎಣ್ಣೆ ಹಚ್ಚತಕ್ಕದ್ದಲ್ಲ.

(ಋ) ಎಲ್ಲ ಸಿಬ್ಬಂದಿಗೂ ಸನ್ನೆ ತರಗತಿ ಕಡ್ಡಾಯ. ಆಡಳಿತಾಧಿಕಾರಿಯವರಿಗೆ ಪ್ರತ್ಯೇಕವಾಗಿ, ಪ್ರತಿದಿನ 12ಕ್ಕೆ, ಹರಿಪ್ರಿಯಾ ಕಲಿಸುವಳು. ಈವರೆಗೆ ನಾಲ್ಕು ಸನ್ನೆಗಳು ಬಂದಿವೆ. ತಪ್ಪು ಮಾಡಿದರೆ ಆಕೆ ಕೈಗೆ ಹೊಡೆಯುವುದನ್ನು ಬೋಧನಾ ಕ್ರಮವೆಂದು ಪರಿಗಣಿಸಲಾಗಿದೆ.

ಇದರಲ್ಲಿ ಸಂದೇಹವೇನಾದರೂ ಇದ್ದಲ್ಲಿ ಮಕ್ಕಳನ್ನು ಕೇಳತಕ್ಕದ್ದು, ಕಚೇರಿಗೆ ಬರತಕ್ಕದ್ದಲ್ಲ.

(ಸಹಿ)
ವಿಷ್ಣುತೀರ್ಥ
ಆಡಳಿತಾಧಿಕಾರಿ (ಪ್ರಭಾರ)

ಪ್ರತಿಗಳು:
1. ಎಲ್ಲ ಶಿಕ್ಷಕಿಯರಿಗೆ, ವ್ಯಾನ್ ಚಾಲಕರಿಗೆ, ಅಡುಗೆ ಮನೆಗೆ.
2. ಮಣಲಿಯ ಕಾರ್ಖಾನೆಯ ಏಳು ಅಧಿಕಾರಿಗಳಿಗೆ, ತಾವು ಯಾರ ಹೆಸರನ್ನು ಹೇಳಿಕೊಂಡು ಭಾವಚಿತ್ರ ತೆಗೆಸಿಕೊಂಡಿರಿ ಎಂಬ ಮಾಹಿತಿಗಾಗಿ.
3. ಕುಮಾರಿ ತನುಶ್ರೀಗೆ, ಬ್ರೈಲಿನಲ್ಲಿ. ಮರು ಅರ್ಜಿ ಸಲ್ಲಿಸಿದಲ್ಲಿ ಈ ಬಾರಿ ಓದಿಸಿ ಕೇಳಿ ಮಂಜೂರು ಮಾಡಲಾಗುವುದು.
4. ಶ್ರೀಮತಿ ರಂಜನಿ, ಎಣ್ಣೂರು ಇವರಿಗೆ, ಅಂಚೆ ಮೂಲಕ.
5. ಹರಿಪ್ರಿಯಾಳಿಗೆ, ಅಂಗೈ ಮೂಲಕ. ಶ್ರೀಮತಿ ದಾಕ್ಷಾಯಿಣಿ ಅವರು ಈ ಸುತ್ತೋಲೆಯನ್ನು ನಲವತ್ತು ನಿಮಿಷ ತೆಗೆದುಕೊಂಡು ಪೂರ್ತಿಯಾಗಿ ತಿಳಿಸಿದ್ದಾರೆ. ಎಲ್ಲವನ್ನೂ ತಿಳಿದುಕೊಂಡ ಮೇಲೆ ಆಕೆ ಎತ್ತಿದ ಪ್ರಶ್ನೆ ಒಂದೇ: ಲಿಫ್ಟ್ ಮತ್ತೆ ಯಾವಾಗ ನಿಂತುಹೋಗುತ್ತದೆ? ಈ ಬಗ್ಗೆ ನಿರ್ವಹಣಾ ವಿಭಾಗದಿಂದ ವರದಿ ಕೇಳಲಾಗಿದೆ.