ಮುತ್ಯಾನ ಹೆಸರಿನ ಕಸ

ಬದುಕಿರುವತನಕ ಒಂದು ಹೆಸರೂ ಇಲ್ಲ, ಸತ್ತ ಮೇಲೆ ಎರಡೆರಡು ಹೆಸರು. ಏನದು, ಹೇಳಿ ನೋಡೋಣ? ಆಗಲ್ಲ ಬಿಡಿ. ಕಾಲುವೆ ನೀರಿನ ಬೆನ್ನು ಹತ್ತಿ ನಮ್ಮೂರು ದಢೇಸುಗೂರಿಗೆ ಬಂದ ಕಸದ ಗಿಡ ಅದು. ನೀರು ಬಂದಾಗಿನಿಂದ ನಮ್ಮ ಕಡೆ ಇಂಥವು ಒಂದಿಲ್ಲೊಂದು ನಡೆಯುತ್ತಲೇ ಇವೆ.

೧. ಹಿಂದಿನ ಕೋಣೆಯವರು

ಕಾಲುವೆ ದಂಡೆಯ ಗಿಡ, ಕಪ್ಪೆಗಳಿಗೆಲ್ಲ ಶಾಸ್ತ್ರದ ಹೆಸರಿಡಲು ಮೈಸೂರು ಕಡೆಯ ಒಬ್ಬ ಸಾಹೇಬರು ಬಂದು ನಮ್ಮ ಹಿಂದಿನ ಕೋಣೆ ಹಿಡಿದರು. ಗಿಡವನ್ನು ಬೇರುಸಹಿತ ಕಿತ್ತು, ಹಳೆ ಪೇಪರಿನ ನಡುವೆ ಮಲಗಿಸಿ, ಹಲಗೆ ಬಿಗಿದು ಒಣಗಿಸುತ್ತಿದ್ದರು. ಕಪ್ಪೆಗಳು ಬಾಟಲಿಯೊಳಗೆ ಕೈ ಮುಗಿದು ನಿಂತಿರುತ್ತಿದ್ದವು. ಗುಡಿಸಲು ಹೋದ ನಮ್ಮ ಆಯಿ, ಅಂದರೆ ಅಜ್ಜಿ, ಕಸಬರಿಗೆ ಅಲ್ಲೇ ಬಿಟ್ಟು ಓಡಿಬಂದಳು.

"ಯಪ್ಪಾ, ಎಲ್ಲಾ ನನ್ನೇ ನೋಡಾಕತ್ತಾವ!"

"ಹೆದರಬೇಡಿ ಅಜ್ಜಿ, ಎಲ್ಲಕ್ಕೂ ಹೆಸರಿಟ್ಟಿದ್ದೇನೆ," ಎಂದರು ಸಾಹೇಬರು.

"ಹೆಸರಿಟ್ರ ಸುಮ್ನಿರ್ತಾವೇನ್ರಿ? ಈ ನಮ್ಮ ಹುಡುಗಗೂ ಇಟ್ಟೀವಿ, ಸುಮ್ನದಾನೇನು?" ಎಂದು ಆಯಿ ನನ್ನತ್ತ ಕೈ ತೋರಿಸಿದಳು.

೨. ಮುತ್ಯಾನ ಸರದಿ

ನಮ್ಮ ಮುತ್ಯಾ, ಅಂದರೆ ಅಜ್ಜ, ದಂಡೆಯ ಮೇಲೆ ನೀಲಿ ಹೂವಿನ ಒಂದು ಸಣ್ಣ ಗಿಡ ತೋರಿಸಿದ. ಸಾಹೇಬರ ಯಾವ ಪುಸ್ತಕದಲ್ಲೂ ಅದಿರಲಿಲ್ಲ. ಕುಣಿದಾಡಿಬಿಟ್ಟರು.

"ಮೊದಲು ಮನೆತನದ ಹೆಸರು, ಆಮೇಲೆ ಸ್ವಂತದ್ದು. ಒಣಗಿಸಿದ ಮೇಲೆ ಈ ಗಿಡವನ್ನೇ ಕಪಾಟಿನಲ್ಲಿಟ್ಟು ಕಾಯುತ್ತಾರೆ. ಹೆಸರು ಎಂದೆಂದಿಗೂ ಇದಕ್ಕೇ ಕಟ್ಟಿರುತ್ತದೆ. ಯಜಮಾನರೇ, ಇದಕ್ಕೆ ನಿಮ್ಮ ಹೆಸರನ್ನೇ ಇಡುತ್ತೇನೆ!"

ಮುತ್ಯಾ ಎತ್ತಿದ ಚಾ ಬಾಯಿತನಕ ಹೋಗಲಿಲ್ಲ. ನಮ್ಮಲ್ಲಿ ಹಿರಿಯರ ಹೆಸರನ್ನು ಕೂಸಿಗೆ ಇಡುವುದು ಅವರು ಮಣ್ಣಾದ ಮೇಲೆ.

"ನಾ ಇನ್ನೂ ಅದೀನ್ರಿ," ಅಂದ ಮೆಲ್ಲಗೆ.

"ಮುತ್ಯಾ, ನೀನು ಹೊದೆಯೋ ಕೌದಿ ನನಗಿರಲಿ," ಅಂದೆ ನಾನು. ಆಯಿಯ ಚಪ್ಪಲಿ ಹಾರಿಬಂತು.

೩. ತೊಟ್ಟಿಲು

ಅವತ್ತಿನಿಂದ ಮುತ್ಯಾ ಗೋಡೆಗೆ ಮುಖ ಮಾಡಿ ಮಲಗಿದ. ರೊಟ್ಟಿ ಮುಟ್ಟಲಿಲ್ಲ. ನಾನು ಕದ್ದು ಹಲಗೆ ಸಡಿಲಿಸಿ ನೋಡುತ್ತಿದ್ದೆ. ಅಲ್ಲಿ ಹೂವು ಕಂದಿದರೆ ಇಲ್ಲಿ ಮುತ್ಯಾನ ತುಟಿ ಕಂದುತ್ತಿತ್ತು. ಅಲ್ಲಿ ಎಲೆ ಸುರುಟಿದರೆ ಇಲ್ಲಿ ಬೆರಳು. ನನಗೂ ನಗೆ ನಿಂತುಹೋಯಿತು.

ಆಯಿ ಸಾಹೇಬರಿಗೆ ಗಂಟುಬಿದ್ದಳು. "ಕಟ್ಟಿದ ಹೆಸರು ಬಿಚ್ಚ್ರಿ! ಮುದುಕ ಹೊಂಟಾನ!"

"ಅಚ್ಚಾಗುವ ಮೊದಲು ಬದಲಿಸಬಹುದು..."

ಅಷ್ಟೇ ಸಾಕಾಯಿತು. ಮುತ್ಯಾನ ಮಗ್ಗುಲಲ್ಲೇ ತೊಟ್ಟಿಲು ಕಟ್ಟಿ, ಒಣಗಿದ ಗಿಡವನ್ನು ಮಲಗಿಸಿದರು. ಕೂಸಿನ ಕಿವಿಯಲ್ಲಿ ಹೆಸರು ಊದುವುದು ಅತ್ತೆಯ ಕೆಲಸ. ಊದಿದೊಡನೆ ಅವಳ ಬೆನ್ನಿಗೆ ಗುದ್ದಲು ಹೆಂಗಸರು ಕೈ ಎತ್ತಿ ನಿಂತರು.

"ಕಿವಿ ಎಲ್ಲೈತಬೇ ಇದಕ್ಕ?" ಅಂದಳು ಅತ್ತೆ.

"ಎಲಿಯಾಗ ಊದು. ಸಾಹೇಬ್ರ ಹೆಸರೇ ಊದು," ಅಂದಳು ಆಯಿ.

ಸಾಹೇಬರ ಮುಖ ಬಿಳಿಚಿತು. "ಬೇಡಿ, ಬೇಡಿ! ತನ್ನ ಹೆಸರು ತಾನೇ ಇಡುವ ಪದ್ಧತಿಯಿಲ್ಲ!"

"ನೀವೆಲ್ಲಿ ಇಡಾಕತ್ತೀರಿ? ನಾವು ಇಡಾಕತ್ತೀವಿ!"

ಅವಳ ಮಾತು ಮುಗಿಯುವ ಮೊದಲೇ ಸಾಹೇಬರು ಅಂಗಳ ದಾಟಿದ್ದರು.

ಮುತ್ಯಾ ಗೋಡೆ ಬಿಟ್ಟು ಹೊರಳಿದ. "ಅಂಜ್ಯಾನ! ನೋಡ್ರಲೇ, ಅಷ್ಟು ಓದಿದಾವನೂ ಅಂಜ್ಯಾನ!" ಎಂದು ಕೆಮ್ಮುವಷ್ಟು ನಕ್ಕು ಎದ್ದು ಕೂತ. "ರೊಟ್ಟಿ ತಾರಬೇ."

ಕಡೆಗೆ ಅತ್ತೆ ಊರ ಹೆಸರನ್ನೇ ಊದಿ ಗುದ್ದಿಸಿಕೊಂಡಳು. ಆಗ ತೊಟ್ಟಿಲು ತಾನಾಗಿಯೇ ತೂಗಿತು. ಒಳಗಿಂದ ಯಾರೋ "ಹೂಂ" ಅಂದರು.

ಈ ತೂಗಿದ್ದು, "ಹೂಂ" ಅಂದದ್ದು ಮಾತ್ರ ನಾನೇ ಕಟ್ಟಿದ್ದು. ಅದು ಸುಳ್ಳೆಂದು ಸಾಹೇಬರಿಗೆ ಇನ್ನೂ ಹೇಳಿಲ್ಲ. ಪಾಪ, ಹೊರಗೆ ಕಟ್ಟೆಯ ಮೇಲೇ ಮಲಗುತ್ತಾರೆ.