ಬಟರ್‌ಮಿಲ್ಕಿಗೆ ಒತ್ತು ಎಲ್ಲಿ?

ಮದುವೆಯಾದ ಮೇಲೆ ಹೆಂಡತಿ ನನ್ನ ಗದ್ದ ಹಿಡಿದದ್ದು ಒಂದೇ ಸಲ. ಅದೂ ಇಂಗ್ಲಿಷಿಗಾಗಿ.

ಸಂಘಮಿತ್ರ, ಕೆ.ಆರ್. ನಗರದ ಶಾಲೆಯೊಂದಕ್ಕೆ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಹೋದಲ್ಲೆಲ್ಲ ಬೇಡ ಅನ್ನಿಸಿಕೊಂಡು ಬಂದವಳು; ಇದೂ ತಪ್ಪಿದರೆ ಇನ್ನು ಯಾವ ಶಾಲೆಯ ಮೆಟ್ಟಿಲೂ ಹತ್ತೋಲ್ಲ ಅಂದಿದ್ದಳು. ಮಾರನೆಯ ದಿನ ಪಾಠ ಮಾಡಿ ತೋರಿಸಬೇಕು. ಎರಡು ಪದ ಕೂಡಿ ಆದ ಇಂಗ್ಲಿಷ್ ಪದಗಳನ್ನು ಸಿಲಬಲ್ಲುಗಳಾಗಿ, ಅಂದರೆ ಉಚ್ಚಾರದ ತುಂಡುಗಳಾಗಿ ಒಡೆದು, ದನಿಯ ಒತ್ತು ಯಾವುದರ ಮೇಲೆ ಬೀಳುತ್ತೆ ಅಂತ ಹುಡುಕುವ ಪಾಠ. ಮಕ್ಕಳಿಗೆ ರಜೆ, ಜೊತೆಗೆ ಬಂದವರನ್ನೇ ಮಕ್ಕಳಾಗಿ ಕೂರಿಸುತ್ತಾರಂತೆ. ಹೀಗಾಗಿ ಮಿರ್ಲೆ ಹಾಲಿನ ಡೇರಿಯ ಕಾರ್ಯದರ್ಶಿ ಶ್ರೀಮಾನ್ ಶಿವನಂಜಪ್ಪನವರು, ಅಂದರೆ ನಾನು, ಪುನಃ ವಿದ್ಯಾರ್ಥಿಯಾದೆ.

"ಬಟರ್‌ಮಿಲ್ಕ್ ಅನ್ನಿ. ಗದ್ದದ ಕೆಳಗೆ ಕೈ ಇಟ್ಕೊಳ್ಳಿ. ಗದ್ದ ಎಷ್ಟು ಸಲ ಇಳಿಯುತ್ತೋ ಅಷ್ಟು ಸಿಲಬಲ್. ಎಷ್ಟು ಸಲ ಇಳೀತು?"

"ಎರಡು. ಬಟರ್, ಮಿಲ್ಕ್."

"ಅದು ಪದ ಒಡೆದಿದ್ದು ಕಣ್ರೀ. ಸಿಲಬಲ್ ಮೂರು. ಬ, ಟರ್, ಮಿಲ್ಕ್." ತಾನೇ ಬಂದು ನನ್ನ ಗದ್ದ ಹಿಡಿದಳು. "ಒತ್ತು ಎಲ್ಲಿ?"

"ಮಿಲ್ಕ್ ಮೇಲೆ. ಹಾಲಿಲ್ದೆ ಬೆಣ್ಣೆ ಎಲ್ಲಿಂದ ಬತ್ತದೆ?"

"ಮೊದಲನೇದರ ಮೇಲೆ."

ರಾಗಿ ಕೇರುತ್ತಿದ್ದ ನನ್ನವ್ವ ಸಾಕಮ್ಮ, "ಅವನ ತಲೆ ಮೇಲೊಸಿ ಒತ್ತವ್ವ, ತಿಳೀತದೆ" ಅಂದಳು.

ಸಂಘಮಿತ್ರ ನಗಲಿಲ್ಲ. "ನಾಳೆ ನಿಮಗೆ ಅರ್ಥವಾಗದಿದ್ರೆ ನನ್ನ ಪಾಠ ಬಿದ್ದಂಗೆ" ಅಂದಳು. ಅವಳ ಬೆರಳು ತಣ್ಣಗಿದ್ದವು. ನನಗೂ ಹೆದರಿಕೆ ಹತ್ತಿತು. ಸಂಜೆ ಡೇರಿಯಲ್ಲಿ ಹಾಲು ಅಳೆಯುವಾಗಲೂ ಗದ್ದ ಹಿಡಿದು ಗುನುಗಿದೆ. (ಹಲ್ಲುನೋವಾ ಅಂದವರಿಗೆ ಹೌದು ಅಂದೆ.)

ಶಾಲೆಯಲ್ಲಿ ಹೆಡ್‌ಮಿಸ್ ಪ್ರೇಮಮ್ಮನವರು ಹಿಂದಿನ ಬೆಂಚಿನಲ್ಲಿ ಕೂತರು. ಬಟರ್‌ಮಿಲ್ಕ್ ಬಂದರೆ ಗೆದ್ದೆ ಅಂದುಕೊಂಡಿದ್ದೆ. ಪ್ರೇಮಮ್ಮನವರು, "ವಾಟರ್‌ಮೆಲನ್ ತಗೊಳ್ಳಿ" ಅಂದುಬಿಟ್ಟರು.

ಸಂಘಮಿತ್ರ ನನ್ನನ್ನೇ ಎಬ್ಬಿಸಿದಳು. ಕಲಿತದ್ದೆಲ್ಲ ಮರೆತು "ಎರಡು" ಅಂದೆ. ಅವಳ ಮುಖ ಬಿಳಿಚಿತು. ಸ್ವರ ಮಾತ್ರ ಏರಲಿಲ್ಲ.

"ಗದ್ದ ಹಿಡ್ಕೊಂಡು ನಿಧಾನಕ್ಕೆ ಹೇಳಿ."

ವಾ, ಟರ್, ಮೆ, ಲನ್. ನಾಲ್ಕು.

"ಒತ್ತು?"

"ಮೆಲನ್ ಮೇಲೆ. ಬರೀ ನೀರನ್ನ ಯಾರು ತಿಂತಾರೆ?"

ಯಾರೋ ಕಿಸಕ್ಕೆಂದರು. ಅವಳು, "ಮೆಲನ್ ಒತ್ತಿ ಒಂದ್ಸಲ ಹೇಳಿ. ಈಗ ವಾ ಒತ್ತಿ ಹೇಳಿ. ಕಿವಿಗೆ ಯಾವುದು ಸರಿ?" ಅಂದಳು.

ಹೇಳಿ ನೋಡಿದೆ. ನಿಜಕ್ಕೂ ಗೊತ್ತಾಯಿತು. "ವಾ" ಅಂದೆ, ಹೊಸದಾಗಿ ಮಾತು ಕಲಿತ ಕೂಸಿನಂತೆ.

ಪಾಠ ಮುಗಿದ ಮೇಲೆ ಪ್ರೇಮಮ್ಮನವರು ಹೇಳಿದರು: "ಸೋಮವಾರದಿಂದ ಬನ್ನಿ ಸಂಘಮಿತ್ರ. ಚೆನ್ನಾಗಿ ಕಲಿಸಿದ್ರಿ. ಆದ್ರೂ ನಿಮ್ಮ ಯಜಮಾನರ ನಟನೆಗೆ ನೂರಕ್ಕೆ ನೂರು. ದಡ್ಡ ಹುಡುಗನ ಪಾತ್ರ ಇಷ್ಟು ಸಹಜವಾಗಿ ಮಾಡಿದವರನ್ನ ನಾನು ನೋಡೇ ಇಲ್ಲ."

ನಾನು ಬಾಯಿ ತೆರೆದೆ. ಸಂಘಮಿತ್ರ ನನ್ನ ಕಾಲು ತುಳಿದಳು.

"ತುಂಬ ಕಷ್ಟಪಟ್ಟು ಪ್ರಾಕ್ಟೀಸ್ ಮಾಡಿದ್ರು ಮೇಡಂ" ಅಂದಳು.