ಖಾತ್ರಿಯಾಗಿ ಉಗುರು ಸುತ್ತು

ಚನ್ನಬಸವ್ವ: ಬೋರ್ಡ್ ಓದು. ಹಾದ್ಯಾಗ ಹೋಗೂ ಮಂದಿಗಿ ಕೇಳೂಹಂಗ ಗಟ್ಟಿಯಾಗಿ ಓದು.

ನಾಗರತ್ನಾ: ಅಕ್ಕಾರ, ಮೊದಲ ಒಳಗ ಬರ್ರಿ. ಬಾಗಲದಾಗ ನಿಂತು ಒದರಬ್ಯಾಡ್ರಿ.

ಚನ್ನಬಸವ್ವ: ಹೋದ ವಾರ ಒಳಗ ಬಂದದ್ದಕ್ಕ ಈ ಗತಿ ಆಗೈತಿ. ಓದು ಅಂದ್ರ ಓದು.

ಉಣಕಲ್ಲಿನ ರಸ್ತೆಗೆ ಮುಖಮಾಡಿದ ‘ನಾಗರತ್ನಾ ನೇಲ್ ಸ್ಟುಡಿಯೊ’ದ ಬಾಗಿಲಲ್ಲಿ ಸುಳ್ಳ ಎಂಬ ಹಳ್ಳಿಯ ಚನ್ನಬಸವ್ವ ಬಲಗೈ ಎತ್ತಿಕೊಂಡು ನಿಂತಿದ್ದಳು. ಉಂಗುರದ ಬೆರಳಿಗೆ ಒಂದು ಇಡೀ ಲಿಂಬೆಹಣ್ಣು ತೂತು ಕೊರೆದು ಸಿಕ್ಕಿಸಿತ್ತು. ಉಳಿದ ಬೆರಳುಗಳ ಮೇಲೆ ಹೋದ ವಾರ ಅಂಟಿಸಿದ ಗುಲಾಬಿ ಬಣ್ಣದ ಉದ್ದುದ್ದ ಉಗುರುಗಳು ಇನ್ನೂ ಮಿಂಚುತ್ತಿದ್ದವು.

ನಾಗರತ್ನಾಳ ಕಣ್ಣು ಲಿಂಬೆಹಣ್ಣಿನ ಮೇಲಿರಲಿಲ್ಲ, ರಸ್ತೆಯ ಮೇಲಿತ್ತು. ಅರಳೆ ವ್ಯಾಪಾರಿ ಕುಬೇರಪ್ಪನವರ ಮಗಳು ಶಾಂಭವಿ ಈಗಲೋ ಆಗಲೋ ಬರುವವಳಿದ್ದಳು. ಮದುವೆಯ ಹುಡುಗಿ. ಇವತ್ತು ತಾನೊಬ್ಬಳೇ ಮಾಡಿಸಿಕೊಂಡು ನೋಡುತ್ತಾಳೆ. ಮನಸ್ಸಿಗೆ ಬಂದರೆ ಅತ್ತೆ, ಚಿಕ್ಕಮ್ಮ, ಬೀಗರ ಕಡೆಯ ಹೆಂಗಸರು, ಎಲ್ಲರ ಕೈಯೂ ನಾಗರತ್ನಾಳ ಕೈಗೆ ಬರುತ್ತದೆ. ಬಾರದಿದ್ದರೆ ಬರುವ ತಿಂಗಳು ಈ ಮಳಿಗೆಯಲ್ಲಿ ಮೊಬೈಲ್ ರಿಪೇರಿಯವನು ಕೂತಿರುತ್ತಾನೆ ಎಂದು ಮಾಲೀಕ ಆಗಲೇ ಹೇಳಿ ಹೋಗಿದ್ದ.

ಬೋರ್ಡಿನ ಕತೆ ಬೇರೆಯೇ. ಅದು ಕನ್ನಡದಲ್ಲಿರಬೇಕೆಂದು ಪಾಲಿಕೆಯವರು ಹೇಳಿಹೋದ ಮೇಲೆ ನಾಗರತ್ನಾ ‘ನೇಲ್ ರ‍್ಯಾಪ್’ ಎಂಬ ಮಾತನ್ನು ಫೋನಿಗೆ ಕೊಟ್ಟು ಕನ್ನಡ ಮಾಡಿಸಿದ್ದಳು. ಫೋನು ತನ್ನ ಕೆಲಸ ಮಾಡಿತು. ಗಿರಾಕಿಗಳಿಗೆ ನಂಬಿಕೆ ಬರಲೆಂದು ಇವಳು ತನ್ನದೂ ಒಂದು ಶಬ್ದ ಸೇರಿಸಿದಳು.

ನಾಗರತ್ನಾ: (ಒಂದೇ ಉಸಿರಿಗೆ) ಇಲ್ಲಿ ಖಾತ್ರಿಯಾಗಿ ಉಗುರು ಸುತ್ತು ಮಾಡಿಕೊಡಲಾಗುತ್ತದೆ. ಓದಿದೆ. ಆತಲ್ರಿ?

ಚನ್ನಬಸವ್ವ: ಆತು. ನಮ್ಮೂರಾಗ ಉಗರಸುತ್ತು ತಾನ ಆಗ್ತೈತಿ. ಅದನ್ನ ಮಾಡಿಕೊಡಾಕ ಅಂಗಡಿ ತಗದಾಕಿನ್ನ ನಿನ್ನ ಒಬ್ಬಾಕಿನ್ನ ನೋಡಿದೆ.

ನಾಗರತ್ನಾ: ಅಯ್ಯ, ಅದು ಆ ಉಗರಸುತ್ತು ಅಲ್ರೀ! ಉಗರಿಗಿ ಬಣ್ಣದ ಹಾಳಿ ಸುತ್ತೂದು. ಬ್ಯಾರೆ ಬ್ಯಾರೆ ಶಬ್ದ. ನಡುವ ಜಾಗಾ ಬಿಟ್ಟೇನಿ ನೋಡ್ರಿ.

ಚನ್ನಬಸವ್ವ: ಆ ಜಾಗಾದಾಗ ಕೀವು ತುಂಬೈತಿ, ಇಲ್ಲೆ ನೋಡು.

ನಾಗರತ್ನಾ ಅವಳ ರಟ್ಟೆ ಹಿಡಿದು ಒಳಗೆಳೆದು ಕುರ್ಚಿಯ ಮೇಲೆ ಕೂರಿಸಿದಳು. ಗುಲಾಬಿ ಬಣ್ಣದ ಗೋಡೆ, ಸುವಾಸನೆಯ ಮೇಣದ ಬತ್ತಿ, ಗಾಜಿನ ಕಪಾಟು. ಕಂಡವರು ಚಪ್ಪಲಿ ಬಿಟ್ಟು ಬರಬೇಕು, ಹಾಗಿತ್ತು ಅಂಗಡಿ.

ನಾಗರತ್ನಾ: ಈ ಕೀವು ನನ್ನಿಂದ ಆಗಿದ್ದಲ್ರಿ ಅಕ್ಕಾರ. ನಾ ಹಾಕಿದ್ದು ಜೆಲ್.

ಚನ್ನಬಸವ್ವ: ಜೇಲಿಗಿ ಹಾಕೂದಿದ್ರ ನಿನ್ನ ಹಾಕಬೇಕು. ನನ್ನ ಬೆರಳು ಏನ್ ತಪ್ಪು ಮಾಡಿತ್ತು?

ನಾಗರತ್ನಾ: ಜೇಲ್ ಅಲ್ರಿ, ಜೆಲ್! ಅಂಟು ಅಂಟು ಇರ್ತೈತಲ್ಲ, ಅದು. ಅದರ ಮ್ಯಾಲ ಎಕ್ಸ್‌ಟೆನ್ಶನ್.

ಚನ್ನಬಸವ್ವ: ಊರ ಸುತ್ತ ಎಕ್ಸ್‌ಟೆನ್ಶನ್ ಮಾಡಿ ಮಾಡಿ ಜಾಗಾ ತೀರಿತು, ಈಗ ನನ್ನ ಬೆರಳಿನ ಮ್ಯಾಲ ಪ್ಲಾಟ್ ಹಾಕಾಕತ್ತೀರೇನು? ಇರ್ಲಿ. ಅವತ್ತ ನನ್ನ ಉಗರ ಗಸಗಸ ತಿಕ್ಕಿದೆಲ್ಲ, ಆ ಪಟ್ಟಿ ಎಲ್ಲೈತಿ?

ನಾಗರತ್ನಾ: ಫೈಲ್ ಅಂತಾರ್ರಿ ಅದಕ್ಕ. ಇಲ್ಲೆ ಐತಿ.

ಚನ್ನಬಸವ್ವ: ನನಗಿಂತ ಮೊದಲ ಕುಂತಿದ್ಲಲ್ಲ, ಕಾಲಿನ ಉಗರ ಕರ್ರಗಾಗಿ ಎದ್ದು ಬಂದಾಕಿ. ಆಕಿನ್ನ ಯಾವದರಾಗ ತಿಕ್ಕಿದಿ?

ನಾಗರತ್ನಾ: ಅದರಾಗ ರಿ.

ಚನ್ನಬಸವ್ವ: ನಾ ಎದ್ದ ಮ್ಯಾಲ ಬಂದಾಕಿನ್ನ?

ನಾಗರತ್ನಾ: ಒರಸಿ... ಅದರಾಗನ.

ಚನ್ನಬಸವ್ವ: ಎಲಾ ಇಕಿನ! ತಾಲೂಕು ಕಚೇರ್ಯಾಗ ಸುದ್ದಾ ಒಬ್ಬೊಬ್ಬರಿಗಿ ಒಂದೊಂದು ಫೈಲ್ ಇಡ್ತಾರ. ನಿನ್ನ ಅಂಗಡ್ಯಾಗ ಇಡೀ ಊರಿಗಿ ಒಂದ ಫೈಲ್!

ನಾಗರತ್ನಾ: ಹೊಸಾವು ಬೇಕಾದಷ್ಟು ಅದಾವ್ರಿ. ಕಪಾಟಿನ್ಯಾಗ ನೋಡ್ರಿ, ಪ್ಯಾಕೆಟ್ ಸುದ್ದಾ ಒಡದಿಲ್ಲ.

ಚನ್ನಬಸವ್ವ: ಯಾಕ ಒಡದಿಲ್ಲ?

ನಾಗರತ್ನಾ: ಒಡದ್ರ ಹಳೇವು ಆಗ್ತಾವಲ್ರಿ. ಬಂದವರಿಗಿ ಸ್ವಚ್ಛ ಕಾಣಬೇಕಲ್ಲ?

ನಿಜ ಹೇಳಬೇಕೆಂದರೆ ಆ ಅಂಗಡಿಯಲ್ಲಿ ಸ್ವಚ್ಛತೆಗೆ ಕೊರತೆಯೇ ಇರಲಿಲ್ಲ. ಅಷ್ಟನ್ನೂ ಗಾಜಿನ ಹಿಂದೆ ಇಟ್ಟು ಬೀಗ ಹಾಕಿತ್ತು. ಚನ್ನಬಸವ್ವನ ಕಣ್ಣು ಈಗ ಕಪಾಟು ಬಿಟ್ಟು ಹಿಂದಿನ ಗೋಡೆಯ ದಾರದ ಮೇಲೆ ಹೋಯಿತು. ಅಲ್ಲಿ ಕ್ಲಿಪ್ಪು ಹಾಕಿದ ತೆಳ್ಳನೆಯ ಕೈಗವಸುಗಳು ಬೆರಳು ಕೆಳಗೆ ಮಾಡಿ ನೇತಾಡುತ್ತಿದ್ದವು.

ಚನ್ನಬಸವ್ವ: ಅವೇನು, ಕೆಚ್ಚಲ ಇದ್ದಂಗ?

ನಾಗರತ್ನಾ: ಗ್ಲೋವ್ಸ್ ರಿ. ಅದರಾಗ ಮಾತ್ರ ನನ್ನ ಮ್ಯಾಲ ಬೆರಳ ತೋರಸಬ್ಯಾಡ್ರಿ. ಡಬ್ಬಿ ಮ್ಯಾಲ ಏನ್ ಬರದಾರ, ಹಂಗ ನಡೀತೇನಿ.

ಚನ್ನಬಸವ್ವ: ಏನ್ ಬರದಾರ?

ನಾಗರತ್ನಾ: ಒಮ್ಮೆ ಬಳಸಿ ಒಗೆಯಿರಿ ಅಂತ. ನಾ ಒಮ್ಮಿ ಬಳಸ್ತೇನಿ, ಒಗೀತೇನಿ. ಮತ್ತ ಒಮ್ಮಿ ಬಳಸ್ತೇನಿ, ಮತ್ತ ಒಗೀತೇನಿ. ಸಾಬಾಣ ಹಚ್ಚಿ!

ಚನ್ನಬಸವ್ವ: ಏ ಹುಚ್ಚಿ, ಒಗಿ ಅಂದ್ರ ಸಾಬಾಣ ಹಚ್ಚಿ ಒಗಿ ಅಂತಲ್ಲ, ತಿಪ್ಪಿಗಿ ಒಗಿ ಅಂತ!

ಒಂದೇ ದಿನ ಎರಡು ಸಲ ಕನ್ನಡ ನಾಗರತ್ನಾಳಿಗೆ ಕೈಕೊಟ್ಟಿತ್ತು. ಆದರೂ ಸೋಲೊಪ್ಪುವ ಪೈಕಿ ಅಲ್ಲ ಅವಳು. ಮೂಲೆಯಲ್ಲಿ ನೀಲಿ ಬೆಳಕು ಬೀರುತ್ತಿದ್ದ ಪೆಟ್ಟಿಗೆಯ ಕಡೆ ಕೈಮಾಡಿದಳು.

ನಾಗರತ್ನಾ: ಅದೇನ ಇರ್ಲಿ, ಕತ್ರಿ-ಗಿತ್ರಿ ಹತಾರದ ಮಾತ ಬ್ಯಾರೆ. ಸ್ಟೆರಿಲೈಸರ್ ಐತ್ರಿ. ಆ ಬೆಳಕಿಗಿ ಒಂದ ಕ್ರಿಮಿ ಉಳಿಯೂದಿಲ್ಲ.

ಚನ್ನಬಸವ್ವ: ತಗಿ, ನೋಡೂಣು.

ನಾಗರತ್ನಾ: ಈಗ ಬ್ಯಾಡ್ರಿ. ಕಣ್ಣಿಗಿ ಬಡೀತೈತಿ.

ಚನ್ನಬಸವ್ವ ಎದ್ದು ಹೋಗಿ ತಾನೇ ಪೆಟ್ಟಿಗೆಯ ಬಾಗಿಲು ತೆರೆದಳು. ಒಳಗೆ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಡಬ್ಬಿಯಲ್ಲಿ ಬದನೆಕಾಯಿ ಎಣ್ಣೆಗಾಯಿ, ಪಕ್ಕದಲ್ಲಿ ಶೇಂಗಾ ಚಟ್ನಿ. ಎಲ್ಲವೂ ನೀಲಿಯಾಗಿ ಹೊಳೆಯುತ್ತಿದ್ದವು.

ನಾಗರತ್ನಾ: ಹೊರಗ ಇಟ್ರ ಇರಬಿ ಮುತ್ತತಾವ್ರಿ.

ಚನ್ನಬಸವ್ವ: ಛಲೋ ಆತು. ನೀ ತಿನ್ನೂ ಎಣ್ಣಿಗಾಯಿಗಿ ಮಿಶನ್ನು, ನಮ್ಮ ರಕ್ತಾ ತಗಿಯೂ ಕತ್ರಿಗಿ ಡ್ರಾವರು. ನಮ್ಮ ಎಮ್ಮಿಗಿ ಇಂಜೆಕ್ಷನ್ ಮಾಡಾಕ ಬರೂ ಡಾಕ್ಟರ್ ಒಂದೊಂದು ಎಮ್ಮಿಗೂ ಸೂಜಿ ಬದ್ಲಿ ಮಾಡ್ತಾನ. ಅವನ ಕಡೆನ ಉಗರ ಮಾಡಿಸ್ಕೋಬೇಕಿತ್ತು ನಾ.

ಈಗ ನಾಗರತ್ನಾಳಿಗೂ ಸಿಟ್ಟು ನೆತ್ತಿಗೇರಿತು.

ನಾಗರತ್ನಾ: ನೀವೇನ್ ಕಮ್ಮಿ ಅದೀರೇನ್ರಿ? ಮನಿಗಿ ಹೋದ ಮ್ಯಾಲ ನೀರಾಗ, ಹಿಟ್ಟಿನ್ಯಾಗ ಕೈ ಹಾಕಬ್ಯಾಡ್ರಿ ಅಂದಿದ್ದೆ. ಹಾಕೀರೋ ಇಲ್ಲೋ?

ಚನ್ನಬಸವ್ವ: ಮತ್ತ ರೊಟ್ಟಿ ಬಡಿಯಾಕ ನೀ ಬರಾಕಿದ್ದೇನು?

ನಾಗರತ್ನಾ: ಸಗಣಿ?

ಚನ್ನಬಸವ್ವ: (ದನಿ ತಗ್ಗಿಸಿ) ಎಮ್ಮಿ ಇದ್ದಲ್ಲಿ ಸಗಣಿ ಇರೂದ.

ನಾಗರತ್ನಾ: ಇದ ಬೆರಳಿಲೆ?

ಚನ್ನಬಸವ್ವ: ಸಗಣಿ ಬಾಚೂವಾಗ ಒಂದ ಬೆರಳು ಮ್ಯಾಲೆತ್ತಿ ಹಿಡೀಲೇನು, ಸಾಹೇಬರ ಮನ್ಯಾಗ ಚಾ ಕುಡದಂಗ?

ನಾಗರತ್ನಾ: ಹಂಗಾರ ಮುಗೀತು! ಕೀವು ನಿಮ್ಮ ಎಮ್ಮೀದು, ನನ್ನ ಹೆಸರಿಗಿ ಹಚ್ಚಬ್ಯಾಡ್ರಿ.

ಚನ್ನಬಸವ್ವ: ಮದುವಿ ಆಗಿ ಬಂದಾಗಿಂದ ಸಗಣಿ ಬಾಚೇನಿ, ಒಂದ ಬೆರಳೂ ನನ್ನ ಮ್ಯಾಲ ಸಿಟ್ಟಾಗಿರಲಿಲ್ಲ. ನಿನ್ನ ಕತ್ರಿ ಚರ್ಮದಾಗ ಒಂದೀಟು ಹೊಕ್ಕು ಬಂತು ನೋಡು, ಅವತ್ತ ರಾತ್ರಿಯಿಂದ ಸುರು ಆತು.

ಹೇಳುತ್ತ ಹೇಳುತ್ತ ಅವಳ ಧ್ವನಿ ಇಳಿಯಿತು. ಲಿಂಬೆಹಣ್ಣನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

ಚನ್ನಬಸವ್ವ: ನನಗೇನ್ ಷೋಕಿ ಇತ್ತೇನ? ಮಗನ ನಿಶ್ಚಯ. ಬೀಗರು ಧಾರವಾಡದ ಸಾಲಿ ಕಲಿತ ಮಂದಿ. ಅವರ ಮುಂದ ಈ ಒಡದ ಕೈ ಸೆರಗಿನಾಗ ಮುಚ್ಚಿಕೊಂಡು ಕೂಡಬಾರದು ಅಂತ ಬಂದೆ. ಕಡೀಗಿ ಏನಾತು? ಆರತಿ ತಟ್ಟಿ ಹಿಡಿಯಾಕ ಆಗಲಿಲ್ಲ. ಸೊಸಿಗಿ ಕುಂಕುಮ ಹಚ್ಚೂ ಬೆರಳಿನ್ಯಾಗ ಲಿಂಬಿಹಣ್ಣು. ಹೊಳ್ಳಿ ಸೆರಗಿನಾಗ ಮುಚ್ಚಿಕೊಂಡ ಕುಂತೆ.

ನಾಗರತ್ನಾ ಕೆಟ್ಟವಳಲ್ಲ. ಮನಸ್ಸಿಗೆ ನಾಟಿತ್ತು, ಖರೇನೇ ನಾಟಿತ್ತು. ಆದರೆ ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದಾಯಿತು.

ನಾಗರತ್ನಾ: ಅಕ್ಕಾರ, ನಿಮ್ಮ ಕಾಲಿಗಿ ಬೀಳ್ತೇನಿ. ಸಂಜೀಕ ನಾನ ದವಾಖಾನಿಗಿ ಕರಕೊಂಡ ಹೋಗ್ತೇನಿ, ಉಳದ ಉಗರ ಎಲ್ಲಾ ತಗದ ಕೊಡ್ತೇನಿ. ಈಗ ಒಂದ ಚೂರು ಆ ಕೈ ಸೆರಗಿನಾಗ ಮುಚ್ಚಿಕೊಳ್ರಿ.

ಚನ್ನಬಸವ್ವ: ಮತ್ತ ಸೆರಗಿನಾಗ? ಸಾಕಾಗೇತಿ ನನಗ.

ಎಂದವಳು ಕೈಯನ್ನು ಇನ್ನಷ್ಟು ಮೇಲೆತ್ತಿದಳು. ಶಾಂಭವಿ ಕಪ್ಪು ಕನ್ನಡಕ ತಲೆಗೇರಿಸುತ್ತ ಒಳಬಂದವಳು ಮೊದಲು ಕಂಡದ್ದೇ ಲಿಂಬೆಹಣ್ಣು.

ಶಾಂಭವಿ: ಹಾಯ್ ನಾಗರತ್ನಾ ಆಂಟಿ... ಅಯ್ಯ, ಇದೇನ್ರಿ ಇವರ ಬೆರಳಿಗೆ?

ನಾಗರತ್ನಾ: (ಬಾಯಿಗೆ ಬಂದದ್ದು) ಲೆಮನ್ ಥೆರಪಿ ರಿ! ಹೊಸಾದು.

ಶಾಂಭವಿ: ವಾವ್! ಎಷ್ಟು ಕ್ಯೂಟ್ ಐತಿ. ಹೆಂಗ ಅನಸ್ತೈತ್ರಿ ಆಂಟಿ?

ಚನ್ನಬಸವ್ವ ನಾಗರತ್ನಾಳ ಮುಖ ನೋಡಿದಳು. ಅದು ಸುಣ್ಣ ಬಳಿದಂತಾಗಿತ್ತು.

ಚನ್ನಬಸವ್ವ: ಭಾಳ ಛಲೋ ಅನಸ್ತೈತವಾ. ಜುಂ ಜುಂ ಅಂತೈತಿ. ರಾತ್ರಿ ಮಲಗಾಕ ಮನಸ ಬರೂದಿಲ್ಲ, ಅಷ್ಟು ಹಿತ.

ಶಾಂಭವಿ: ನನಗೂ ಬೇಕ್ರಿ! ಆದ್ರ ಮೊದಲ ಉಗುರು ಶೇಪ್ ಮಾಡ್ರಿ.

ಅವಳು ಕುರ್ಚಿಗೊರಗಿ ಕೈ ಚಾಚಿ, ಇನ್ನೊಂದು ಕೈಯಲ್ಲಿ ಫೋನು ನೋಡತೊಡಗಿದಳು. ನಾಗರತ್ನಾಳ ಕೈ ರೂಢಿಯಂತೆ ತಾನೇ ಹೋಗಿ ಆ ಹಳೆಯ ಫೈಲನ್ನು ಎತ್ತಿಕೊಂಡಿತು. ಅದರ ಮೇಲೆ ಧಪ್ಪನೆ ಬಂದು ಕೂತಿತು ಲಿಂಬೆಹಣ್ಣು.

ಚನ್ನಬಸವ್ವ: (ಕಿವಿಯಲ್ಲಿ) ಮದುವಿ ಕೂಸು ಐತಿ. ಆ ಬೆರಳಿಗಿ ಉಂಗುರ ಏರಬೇಕು, ಲಿಂಬಿಹಣ್ಣಲ್ಲ. ಹೊಸಾ ಪ್ಯಾಕೆಟ್ ಒಡಿ.

ನಾಗರತ್ನಾ: (ಪಿಸುದನಿಯಲ್ಲಿ) ಅವು ತೋರಸಾಕ ಇಟ್ಟಾವ್ರಿ!

ಚನ್ನಬಸವ್ವ: ಗ್ಲೋವ್ಸಿನ ಹೊಸಾ ಡಬ್ಬಿನೂ ಒಡಿ. ಕತ್ರಿ, ಚಿಮಟಿಗಿ ಎಲ್ಲಾ ನಾ ನೋಡ್ತಿರ್ತೇನಿ, ಕುದಸು. ಕುದಸತಿಯೋ, ಈ ಹುಡುಗಿ ಕಡಿಂದ ಬೋರ್ಡ್ ಓದಿಸಿ ಅರ್ಥಾ ಹೇಳ್ಲೋ?

ನಾಗರತ್ನಾ ಗಾಜಿನ ಕಪಾಟಿನ ಬೀಗ ತೆಗೆದಳು. ಪ್ಯಾಕೆಟ್ಟು ಹರಿದ ಸದ್ದಿಗೆ ಅವಳ ಹೊಟ್ಟೆಯೂ ಹರಿದಂತಾಯಿತು. ಹಿಂದೆ ಚಹಾ ಕಾಸುವ ಒಲೆಯ ಮೇಲೆ ಪಾತೇಲಿ ಏರಿತು. ನೀರು ಕೊತಕೊತ ಕುದಿಯಿತು. ಕತ್ತರಿ, ಚಿಮಟ, ಉಗುರು ಕಟ್ಟರು, ಎಲ್ಲ ಒಂದಕ್ಕೊಂದು ಬಡಿದುಕೊಂಡು ಕುಣಿದವು. ಮೊದಲ ಸ್ನಾನದ ಗಡಿಬಿಡಿ ಅವಕ್ಕೆ.

ಶಾಂಭವಿ: (ಫೋನಿನಿಂದ ತಲೆಯೆತ್ತದೆ) ಆಂಟಿ, ನನಗ ಚಾ ಬ್ಯಾಡ್ರಿ.

ಚನ್ನಬಸವ್ವ: ಇದು ಕುಡಿಯೂದಲ್ಲವಾ. ಇಷ್ಟ ದಿವಸದ ಹೊಲಸು ಐತಿ, ಕುಡದವರ ಪುಣ್ಯಾ.

ಕುದ್ದದ್ದು ಆರಿತು. ಹೊಸ ಫೈಲು, ಹೊಸ ಗ್ಲೋವ್ಸು. ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತ ಚನ್ನಬಸವ್ವ, ಹಾಲು ಕಾಸಲಿಟ್ಟವಳಂತೆ, ಕಣ್ಣು ತೆಗೆಯಲಿಲ್ಲ. ಕತ್ತರಿ ಚರ್ಮದ ಹತ್ತಿರ ಬಂದಾಗೊಮ್ಮೆ ಅವಳು ಕೆಮ್ಮುವಳು. ಕೆಮ್ಮಿದಾಗೊಮ್ಮೆ ಕತ್ತರಿ ಹಿಂದೆ ಸರಿಯುವುದು. ಕೆಲಸ ಮುಗಿದಾಗ ಶಾಂಭವಿಯ ಬೆರಳುಗಳು ನಿಜಕ್ಕೂ ಚೆಂದ ಕಾಣುತ್ತಿದ್ದವು. ಒಂದು ಗೀರು ಇಲ್ಲ, ಒಂದು ಹನಿ ರಕ್ತ ಇಲ್ಲ. ತನ್ನ ಕೈಗೆ ಇಷ್ಟು ಬರುತ್ತದೆಂದು ನಾಗರತ್ನಾಳಿಗೇ ಗೊತ್ತಿರಲಿಲ್ಲ.

ಶಾಂಭವಿ: ಆಂಟಿ, ಸೂಪರ್! ಮದುವಿಗೆ ನಮ್ಮನ್ಯಾಗಿನ ಎಲ್ಲಾರೂ ನಿಮ್ಮ ಕಡೆನ ಬರ್ತಾರ್ರಿ. ಫಿಕ್ಸ್.

ನಾಗರತ್ನಾಳ ಕಣ್ಣಲ್ಲಿ ನೀರೇ ಬಂತು. ಮೊಬೈಲ್ ರಿಪೇರಿಯವನು ದೂರ ಹೋದ. ಸ್ಟೂಲಿನ ಕಡೆ ತಿರುಗಿ, ಮೊದಲ ಬಾರಿಗೆ ಮನಸಾರೆ ಕೈಮುಗಿದಳು. ಹೊರಗೆ ಹೋದ ಶಾಂಭವಿ ಮನೆಯವರಿಗೆ ಕಳಿಸಲೆಂದು ಅಂಗಡಿಯ ಫೋಟೊ ತೆಗೆದಳು. ಇಂಗ್ಲಿಷ್ ಸಾಲೆಯಲ್ಲಿ ಓದಿದವಳು; ಬೋರ್ಡಿನ ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಓದಿ ಮುಖ ಸಣ್ಣದು ಮಾಡಿಕೊಂಡು ಸೀದಾ ತಿರುಗಿ ಬಂದಳು.

ಶಾಂಭವಿ: ಆಂಟಿ, ಇದೇನ್ರಿ ಮೋಸ? ಖಾತ್ರಿಯಾಗಿ ಉಗುರು ಸುತ್ತು ಮಾಡಿಕೊಡ್ತೀವಿ ಅಂತ ಅಷ್ಟ ದೊಡ್ಡದಾಗಿ ಬರದೀರಿ. ನನಗ ಮಾಡಲೇ ಇಲ್ಲಲ್ರಿ!

ಚನ್ನಬಸವ್ವ ಲಿಂಬೆಹಣ್ಣಿನ ಕೈಯಿಂದಲೇ ಹುಡುಗಿಯ ಗಲ್ಲ ಸವರಿದಳು.

ಚನ್ನಬಸವ್ವ: ನಿನ್ನಿತನಕ ಖಾತ್ರಿ ಇತ್ತವಾ. ಇವತ್ತ ಈಕಿ ಹತಾರ ಕುದಸಿ ಕುಂತಾಳ. ಇನ್ನ ಇಲ್ಲಿ ಅದು ಸಿಗೂದು ಅನುಮಾನ.